ಮೌಲಾಸಾಬ್ ಕಾರಿನ ಕೆಳಗೆ ಹೋಗಿ ಬಂದ ಮೇಲೆ

ಕಾರು ಕಂಡ ಕೂಡಲೇ ಶಾಕೀರಳ ಮನಸ್ಸಿಗೆ ಬಂತು. ಆದರೆ ಅದನ್ನು ಮುಖದಲ್ಲಿ ತೋರಿಸುವಂತಿರಲಿಲ್ಲ. ಕೂಡ್ಲಿಗಿಯಿಂದ ಬರುವಾಗ ಬಸ್ಸಿನಲ್ಲೇ ಗಂಡ ಮೌಲಾಸಾಬ್ ಹೇಳಿಕೊಟ್ಟಿದ್ದ.

"ನಾ ಏನರ ಅನ್ಲಿ, ನೀ ಬಾಯಿ ಬಿಡಬ್ಯಾಡ. ಚಲೋ ಐತಿ ಅಂತ ನಿನ್ನ ಬಾಯಾಗ ಬಂತೋ, ಅಲ್ಲಿಗೆ ಮುಗೀತು."

"ಚಲೋ ಇದ್ರೂ?"

"ಚಲೋ ಇದ್ರ ಇನ್ನೂ ಬಿಡಬ್ಯಾಡ."

ಅದು ಅವನ ಮನೆಯ ರೀತಿ. ಅವನಪ್ಪ ಎತ್ತು ಕೊಳ್ಳಲು ಹೋದರೆ ಮೊದಲು ಎತ್ತನ್ನು ಬೈಯುತ್ತಿದ್ದನಂತೆ. ಸುಳಿ ಸರಿಯಿಲ್ಲ, ಗೊರಸು ಸೀಳಿದೆ, ಕಣ್ಣಲ್ಲಿ ನೀರು ಸೋರುತ್ತದೆ. ಎತ್ತು ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತಿತ್ತು. ಮಾರುವವನಿಗೂ ಅದು ಸುಳ್ಳೆಂದು ಗೊತ್ತು. ಅವನು ನಗುತ್ತಿದ್ದ, ಇವನೂ ನಗುತ್ತಿದ್ದ, ಕೊನೆಗೆ ಇಬ್ಬರೂ ಒಂದು ರೇಟಿಗೆ ಬರುತ್ತಿದ್ದರು.

ಶಾಕೀರಳಿಗೆ ಈ ಕಾರು ಬೇಕೇ ಬೇಕಿತ್ತು. ಕೊಟ್ಟೂರು, ಉಜ್ಜಿನಿ, ತಂಬ್ರಹಳ್ಳಿ ಸಂತೆಗಳಲ್ಲಿ ಅವಳು ನೈಟಿ, ಲಂಗ, ಮಕ್ಕಳ ಫ್ರಾಕು ಮಾರುತ್ತಿದ್ದಳು. ಎರಡು ದೊಡ್ಡ ಗಂಟು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಬಸ್ಸಿನಲ್ಲಿ ಕಾಲಿಡಲೂ ಜಾಗವಿಲ್ಲ. ಹೋದ ವಾರ ಕಂಡಕ್ಟರು, "ನೀ ಬಾ ತಾಯಿ, ನಿನ್ನ ಗಂಟು ಬ್ಯಾಡ" ಎಂದ. ಗಂಟು ಇಳಿಯಿತು, ಅವಳೂ ಇಳಿದಳು. ಅದರ ಹಿಂದಿನ ವಾರವೂ ಹಾಗೇ ಆಗಿತ್ತು. ಇನ್ನೊಂದು ವಾರ ಹೋಗದಿದ್ದರೆ ಸಂತೆಯಲ್ಲಿ ಅವಳು ಹಾಸುವ ಜಾಗದಲ್ಲಿ ಬೇರೆ ಯಾರೋ ಹಾಸುತ್ತಾರೆ. ಆಮೇಲೆ ಅದನ್ನು ಬಿಡಿಸಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಅವಳಿಗೆ ಡ್ರೈವಿಂಗ್ ಬರುತ್ತಿತ್ತು. ಗಂಡನ ಗ್ಯಾರೇಜಿಗೆ ಬಂದ ಗಾಡಿಗಳನ್ನು ಹಿಂದಿನ ಬಯಲಿನಲ್ಲಿ ಓಡಿಸಿ ಕಲಿತಿದ್ದಳು. ಲೈಸೆನ್ಸೂ ಮಾಡಿಸಿದ್ದಳು. ಚೀಟಿ ಎತ್ತಿದ ಹಣ ಬ್ಯಾಗಿನಲ್ಲಿತ್ತು. ಹೇಳಿದ ರೇಟಿಗೆ ಅದು ಸ್ವಲ್ಪ ಸಾಲದು. ಆ ಸ್ವಲ್ಪವನ್ನು ಇಳಿಸುವುದು ಗಂಡನ ಕೆಲಸ.

ಕಾರು ಹಗರಿಬೊಮ್ಮನಹಳ್ಳಿಯ ಒಂದು ಓಣಿಯಲ್ಲಿ, ಮನೆಯ ಮುಂದೆ, ತೊಳೆದು ನಿಂತಿತ್ತು. ಬಿಳಿ ಬಣ್ಣ, ಮೇಲೆ ಕಬ್ಬಿಣದ ಕ್ಯಾರಿಯರ್. ಶಾಕೀರ ಆ ಕ್ಯಾರಿಯರ್ ಮೇಲೆ ಮನಸ್ಸಿನಲ್ಲೇ ಎರಡು ಗಂಟು ಇಟ್ಟು ಹಗ್ಗ ಬಿಗಿದಳು. ನಾಲ್ಕನೇ ಕ್ಲಾಸಿನ ಮಗಳು ಅಸ್ಫಿಯಾ ಕೇಳದೆಯೇ ಹಿಂದಿನ ಸೀಟು ಹತ್ತಿ ಕುಳಿತಿದ್ದಳು.

ಮಾರುವವರು ಗುರುಬಸವರಾಜ. ಬಸ್‌ಸ್ಟ್ಯಾಂಡಿನ ಹತ್ತಿರ ಸ್ಟೀಲು ಪಾತ್ರೆ ಅಂಗಡಿ. ಕಣ್ಣಿಗೆ ಪೊರೆ ಬಂದು, ಇನ್ನು ಡ್ರೈವಿಂಗ್ ಬೇಡ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ದಿನದ ಹಿಂದೆ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದ್ದರು. ಕೂಡ್ಲಿಗಿ ಮೌಲಾಸಾಬ್ ಬರುತ್ತಾನೆ ಎಂದ ಮೇಲೆ ಬೇರೆ ಯಾರಿಗೂ ತೋರಿಸಿರಲಿಲ್ಲ. "ನಿಮ್ಮ ಹೆಸರು ಕೇಳೀನ್ರಿ. ಮೌಲಾಸಾಬ್ ಹೇಳಿದ್ರ ಮುಗೀತು ಅಂತಾರ ಎಲ್ಲಾರೂ," ಎಂದರು.

ಮೌಲಾಸಾಬ್ ಎಂಜಿನ್ ಚಾಲೂ ಮಾಡಿಸಿದ, ಕಿವಿಗೊಟ್ಟ, ಬಂದ್ ಮಾಡಿಸಿದ. ಗೋಣಿಚೀಲ ಹಾಸಿ ಕಾರಿನ ಕೆಳಗೆ ಹೋದ. ಸ್ಪ್ಯಾನರಿನಿಂದ ಅಲ್ಲಲ್ಲಿ ಬಡಿದ ಸದ್ದು ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅವನ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು.

ಹೊರಬಂದವನು ಕೈ ಒರೆಸಿಕೊಳ್ಳಲಿಲ್ಲ.

"ಸಾವ್ಕಾರ್ರ, ಈ ಗಾಡಿ ಯಾವಾಗರ ಹಳ್ಳಕ್ಕ ಬಿದ್ದಿತ್ತೇನ್ರಿ?"

"ಇಲ್ಲಪ. ಯಾಕ?"

"ಮತ್ತ ಚಾಸಿ ಒಡದೈತಲ್ರಿ."

"ಅಂದ್ರ?"

"ಅಂದ್ರ ಗಾಡಿ ಬೆನ್ನೆಲುಬು. ಅಡ್ಡಕ್ಕ ಬಿರುಕು ಬಿಟ್ಟೈತಿ. ಊರಾಗ ಸಾವಕಾಶ ಅಡ್ಡಾಡಿದ್ರ ಏನಿಲ್ಲ. ಹೈವೇದಾಗ ಸ್ಪೀಡ್ ಇದ್ದಾಗ ಒಂದು ಗುಂಡ್ಯಾಗ ಇಳೀತಂದ್ರ, ಮುಂದಿನ ಸೀಟು ಮುಂದ ಹೋಗ್ತೈತಿ, ಹಿಂದಿನ ಸೀಟು ಹಿಂದ ಉಳೀತೈತಿ."

ಗುರುಬಸವರಾಜರನ್ನು ಬಗ್ಗಿಸಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ತೋರಿಸಿದ. ಅವರ ಪೊರೆಗಣ್ಣಿಗೂ ಕಂಡಿತು. ಕಪ್ಪು ಕಬ್ಬಿಣದ ಮೇಲೆ ಕೂದಲೆಳೆಯಂಥ ಬಿಳಿ ಗೆರೆ.

ಇಲ್ಲಿ ಅವರು ನಗಬೇಕಿತ್ತು. ಎತ್ತು ಮಾರುವವರು ನಗುತ್ತಿದ್ದ ಹಾಗೆ, "ಸಾಬ್ರ, ಆಟ ಬಿಡ್ರಿ, ಎಷ್ಟು ಕಡಿಮಿ ಮಾಡ್ಲಿ ಹೇಳ್ರಿ" ಎನ್ನಬೇಕಿತ್ತು. ಮೌಲಾಸಾಬ್ ಅದಕ್ಕೇ ಕಾಯುತ್ತಿದ್ದ. ಆದರೆ ಗುರುಬಸವರಾಜರ ಅಂಗಡಿಯಲ್ಲಿ ಪ್ರತಿ ಪಾತ್ರೆಗೂ ಚೀಟಿ ಅಂಟಿಸಿರುತ್ತಿತ್ತು. ಒಂದೇ ದರ. ಅವರ ತಂದೆಯ ಕಾಲದಿಂದ ಆ ಅಂಗಡಿಯಲ್ಲಿ ಯಾರೂ ಚೌಕಾಸಿ ಮಾಡಿದ್ದಿಲ್ಲ, ಯಾರೂ ತಂಬಿಗೆಗೆ ಬೈದದ್ದಿಲ್ಲ. ಆ ಆಟ ಅವರಿಗೆ ಗೊತ್ತೇ ಇರಲಿಲ್ಲ.

ಅವರು ಮನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಮೊನ್ನಿ ಸೋಮವಾರ," ಎಂದರು. ಕಾರಿನ ಹಿಂದಿನ ಕಿಟಕಿಯತ್ತ ನೋಡಿದರು. "ಮೊನ್ನಿ ಸೋಮವಾರ ಹೊಸಪೇಟಿ ಆಸ್ಪತ್ರಿಯಿಂದ ಮಗಳನ್ನೂ ಕೂಸನ್ನೂ ಇದರಾಗ ಕರ್ಕೊಂಡು ಬಂದೀನ್ರಿ. ಹಿಂದಿನ ಸೀಟಿನಾಗ."

ಅವರ ಹೆಂಡತಿ ನೀಲಗಂಗಮ್ಮ ಚಹಾದ ತಟ್ಟೆ ಹಿಡಿದು ಬಂದರು. ಹುಡುಗಿಗೆಂದು ಒಂದು ಬಟ್ಟಲಲ್ಲಿ ಮಂಡಕ್ಕಿಯನ್ನೂ ತಂದಿದ್ದರು. ತಟ್ಟೆಯನ್ನು ಕಾರಿನ ಬಾನೆಟ್ ಮೇಲೆ ಇಟ್ಟು, ಬಟ್ಟಲನ್ನು ಅಸ್ಫಿಯಾಳ ಕೈಗೆ ಕೊಟ್ಟರು. ಗಂಡ ವಿಷಯ ಹೇಳಿದರು. ನೀಲಗಂಗಮ್ಮ ಬಾನೆಟ್ ಸುಡುತ್ತಿದೆಯೇನೋ ಎಂಬಂತೆ ತಟ್ಟೆಯನ್ನು ತೆಗೆದು ನೆಲಕ್ಕಿಟ್ಟು ಒಳಗೆ ಓಡಿದರು. ಒಳಗಿನಿಂದ ಎಳೆಗೂಸು ಅಳುವುದು ಕೇಳಿತು. ಮಲಗಿದ್ದುದನ್ನು ಎತ್ತಿಕೊಂಡಿರಬೇಕು. ಆಮೇಲೆ ಇನ್ನೊಂದು ಅಳು ಕೇಳಿತು, ದೊಡ್ಡವರದು, ಬಾಣಂತಿ ಮಗಳು ಸುಮಲತಾಳದು.

"ಅಂಥಾದ್ದೇನಿಲ್ಲ ಬಿಡ್ರಿ," ಎಂದ ಮೌಲಾಸಾಬ್. "ರೇಟಿನಾಗ ಒಂದೀಟು ನೋಡ್ಕೊಂಡ್ರ, ನಾ ಒಯ್ದು ಸರಿ ಮಾಡ್ಕೊಂತೀನಿ."

"ರೇಟು?" ಗುರುಬಸವರಾಜ ಆ ಶಬ್ದವನ್ನು ಮೊದಲ ಸಲ ಕೇಳಿದವರಂತೆ ಅವನನ್ನು ನೋಡಿದರು. "ಸಾಬ್ರ, ನೀವು ಹೇಳದಿದ್ರ ನಾ ಇದನ್ನ ನಿಮಗ ಮಾರ್ತಿದ್ದೆ. ಈ ಹುಡುಗಿನ ಹಿಂದ ಕೂಡಿಸ್ಕೊಂಡು ಹೋಗ್ತಿದ್ರಿ." ಎದ್ದುಬಂದು, ಬಗ್ಗಿ, ಮೌಲಾಸಾಬನ ಎಣ್ಣೆ ಮೆತ್ತಿದ ಪಾದ ಮುಟ್ಟಿದರು. ಅವನು ಹಿಂದೆ ಜಿಗಿದು ಕಾರಿನ ಬಾಗಿಲಿಗೆ ಬೆನ್ನು ಬಡಿಸಿಕೊಂಡ. "ಇದನ್ನ ಇನ್ನ ಯಾರಿಗೂ ಕೊಡಂಗಿಲ್ಲ. ಇವತ್ತ ತುಂಡು ಮಾಡಸ್ತೀನಿ," ಎಂದು ಗುಜರಿ ಭೀಮರಾಜನಿಗೆ ಫೋನು ಹಚ್ಚಿದರು.

ಶಾಕೀರ ಗಂಡನ ತೋಳು ಹಿಡಿದು ಕಾರಿನ ಹಿಂದೆ ಕರೆದುಕೊಂಡು ಹೋದಳು. ಅವಳ ಕಣ್ಣ ಮುಂದೆ ಇನ್ನೂ ಅದೇ ಇತ್ತು. ಎರಡು ತುಂಡಾದ ಕಾರು, ಹಿಂದೆ ಉಳಿದ ಸೀಟು, ಅದರ ಮೇಲೆ ಅಸ್ಫಿಯಾ.

"ವೆಲ್ಡಿಂಗಿಗೆ ನಿಲ್ಲಂಗಿಲ್ಲೇನು, ಆ ಬಿರುಕು?"

"ಯಾವ ಬಿರುಕು?"

"ಚಾಸೀದು."

"ಹುಚ್ಚಿ, ಏನೂ ಒಡದಿಲ್ಲ. ಸ್ಕ್ರೂಡ್ರೈವರ್‌ಲೆ ಒಂದು ಗೆರಿ ಎಳದೀನಿ. ಗಾಡಿ ಬಂಗಾರ ಐತಿ."

ಅವಳು ಅವನ ಮುಖ ನೋಡಿದಳು. ಅವನ ಸುಳ್ಳು ತನಗೆ ಗೊತ್ತಾಗುತ್ತದೆ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಸುಳ್ಳು ಹೇಳುವಾಗ ಅವನು ನೆಲ ನೋಡುತ್ತಾನೆ, ಮಾತು ಅವಸರವಾಗುತ್ತದೆ ಎಂದು ಅಕ್ಕತಂಗಿಯರ ಮುಂದೆ ಹೇಳಿ ನಕ್ಕಿದ್ದಳು. ಆದರೆ ಈಗ "ಬಂಗಾರ ಐತಿ" ಎಂದ ದನಿಯೂ ಆಗ "ಚಾಸಿ ಒಡದೈತಿ" ಎಂದ ದನಿಯೂ ಒಂದೇ ಆಗಿದ್ದವು. ಕಣ್ಣೂ ಅದೇ. ಗಡ್ಡದ ಕೆಳಗೆ ಹೆಬ್ಬೆರಳು ಉಜ್ಜಿಕೊಳ್ಳುವ ರೀತಿಯೂ ಅದೇ.

"ಹಂಗಾರ ಹೋಗಿ ಹೇಳ್ರಿ ಅವರಿಗೆ."

"ಏನಂತ? ಮೌಲಾಸಾಬ್ ಸುಳ್ಳು ಹೇಳ್ಯಾನ ಅಂತನ? ನಾಳಿ ಯಾವನು ತರ್ತಾನ ನನ್ನ ಕಡಿ ಗಾಡಿ?"

ಭೀಮರಾಜ ಲಗೇಜ್ ಆಟೋದಲ್ಲಿ ಬಂದ. ಹಾರೆ, ಸುತ್ತಿಗೆ, ಗ್ಯಾಸ್ ಕಟರಿನ ಸಿಲಿಂಡರು. ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಮದಲಗಿತ್ತಿ ಹಂಗ ಹೊಳೀತೈತಲ್ರಿ ಸಾವ್ಕಾರ್ರ. ಇದನ್ನ ಕೊಯ್ಯಂದ್ರ ಪಾಪ ಹತ್ತೀತು."

"ಇಡೀ ಗಾಡಿ ಯಾರಿಗೂ ಮಾರಬಾರ್ದು ನೀನು. ನನ್ನ ಎದುರಿಗೇ ಕೊಯ್ಯಿ."

"ನಂಗೇನ್ರಿ, ತೂಕ ಬಂದ್ರ ಸಾಕು," ಎಂದು ಅವನು ಕ್ಯಾರಿಯರಿನ ನಟ್ಟು ಬಿಚ್ಚತೊಡಗಿದ.

"ಅಲ್ರೀ, ವೆಲ್ಡಿಂಗ್ ಮಾಡಿಸಿದ್ರ ನಡೀತೈತ್ರಿ," ಎಂದ ಮೌಲಾಸಾಬ್.

"ವೆಲ್ಡಿಂಗ್ ಮಾಡಿಸಿದ ಗಾಡ್ಯಾಗ ನಿಮ್ಮ ಮಗಳನ್ನ ಕೂಡಸ್ತೀರೇನ್ರಿ?"

ಒಂದು ನಟ್ಟು ಬಿಚ್ಚಿ ನೆಲಕ್ಕೆ ಬಿತ್ತು. ಶಾಕೀರ ಮುಂದೆ ಬಂದಳು.

"ಅಣ್ಣಾ, ಗಾಡಿಗೆ ಏನೂ ಆಗಿಲ್ರಿ. ಇವರು ರೇಟು ಇಳಸಾಕ ಹಂಗ ಅಂದಾರ."

ಗುರುಬಸವರಾಜ ಅವಳನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ತಂಗಿ, ಗಾಡಿ ಮ್ಯಾಲ ನಿನ್ನ ಮನಸ್ಸು ಆಗೈತಿ. ಬಂದಾಗಲೇ ನೋಡೀನಿ. ಹಂಗಂತ ಜೀವ ಉಳಿಸಿದ ಗಂಡನ್ನ ಸುಳ್ಳ ಮಾಡಬ್ಯಾಡ." ಮೌಲಾಸಾಬನ ಕಡೆ ತಿರುಗಿದರು. "ಹೌದಲ್ರಿ?"

ಶಾಕೀರಳೂ ತಿರುಗಿದಳು. ಮೌಲಾಸಾಬ್ ಗಡ್ಡದ ಕೆಳಗೆ ಹೆಬ್ಬೆರಳು ಉಜ್ಜಿಕೊಂಡ. ಹೆಂಡತಿ ಸುಳ್ಳುಗಾತಿಯಾಗಿ ಓಣಿಯ ನಡುವೆ ನಿಂತದ್ದನ್ನು ಅವನು ನೋಡುತ್ತ ನಿಂತ. ಎರಡನೇ ನಟ್ಟು ಬಿತ್ತು.

ಕೀಲಿಕೈ ಕಾರಿನಲ್ಲೇ ಇತ್ತು. ಶಾಕೀರ ಹೋಗಿ ಸ್ಟೇರಿಂಗ್ ಮುಂದೆ ಕುಳಿತಳು. ಅಸ್ಫಿಯಾ ಹಿಂದಿನ ಸೀಟಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದಳು.

"ನೀವೂ ಹತ್ರಿ," ಎಂದಳು ಗಂಡನಿಗೆ.

"ತಂಗಿ, ಬ್ಯಾಡ," ಎಂದರು ಗುರುಬಸವರಾಜ. ಬಾಗಿಲಲ್ಲಿ ಕೂಸನ್ನು ಅವುಚಿಕೊಂಡು ನಿಂತಿದ್ದ ನೀಲಗಂಗಮ್ಮ, "ಯವ್ವಾ, ಆ ಹುಡುಗಿನರ ಇಳಸು," ಎಂದರು. ಭೀಮರಾಜ ಸ್ಪ್ಯಾನರ್ ಹಿಡಿದು ಹಿಂದೆ ಸರಿದ.

ಎಲ್ಲರೂ ಮೌಲಾಸಾಬನನ್ನು ನೋಡುತ್ತಿದ್ದರು. ಬಿರುಕು ನಿಜವಾಗಿದ್ದರೆ ಅಪ್ಪನಾದವನು ಈಗ ಹಿಂದಿನ ಬಾಗಿಲು ತೆಗೆದು ಮಗಳನ್ನು ಎಳೆದುಕೊಳ್ಳಬೇಕು. ಅವನು ಮುಂದಿನ ಬಾಗಿಲು ತೆಗೆದು ಹೆಂಡತಿಯ ಪಕ್ಕದಲ್ಲಿ ಕುಳಿತ.

ಶಾಕೀರ ಓಣಿ ದಾಟಿ ದೊಡ್ಡ ರಸ್ತೆಗೆ ಬಂದಳು. ಗೇರು ಬದಲಿಸಿದಳು. ಕಾರು ಬೆಣ್ಣೆಯಂತೆ ಓಡಿತು. ರೈಲ್ವೆ ಗೇಟಿನ ಹತ್ತಿರದ ಹಂಪುಗಳನ್ನು ಬೇಕೆಂದೇ ನಿಧಾನ ಮಾಡದೆ ಹಾರಿಸಿದಳು. ಮೂವರೂ ಸೀಟಿನಿಂದ ಮೇಲೆದ್ದು ಬಿದ್ದರು. ಅಸ್ಫಿಯಾ ನಕ್ಕಳು. ಕಾರಿನ ಕೆಳಗೆ ಏನೋ ಕಟ್ ಎಂದಿತು.

"ಏನದು?"

"ಸೈಲೆನ್ಸರಿನ ಕ್ಲಾಂಪು. ಲೂಜ್ ಆಗೈತಿ."

"ಖರೇನ?"

"ಖರೆ."

ಅವಳು ಒಂದು ಕ್ಷಣ ರಸ್ತೆ ಬಿಟ್ಟು ಅವನನ್ನು ನೋಡಿದಳು. ಅದೇ ದನಿ. ಅದೇ ಕಣ್ಣು. ಗಡ್ಡದ ಕೆಳಗೆ ಅದೇ ಹೆಬ್ಬೆರಳು.

ಇವನು ಕಾರಿನ ಕೆಳಗೆ ಹೋದಾಗ ಏನು ಕಂಡಿದ್ದ? ಗೆರೆ ಎಳೆದೆ ಎಂದದ್ದು ಇವನೇ. ಬಿರುಕು ಬಿಟ್ಟಿದೆ ಎಂದದ್ದೂ ಇವನೇ. ಗುರುಬಸವರಾಜರ ಪೊರೆಗಣ್ಣು ಬಿಟ್ಟರೆ ಬೇರೆ ಯಾರೂ ನೋಡಿಲ್ಲ. ಬಿರುಕು ಇದ್ದೂ, ಆಮೇಲೆ ಸರಿಮಾಡಿಕೊಂಡರಾಯಿತು ಎಂದುಕೊಂಡು, ತನ್ನನ್ನು ಸುಮ್ಮನಾಗಿಸಲು ಬಂಗಾರ ಎಂದನೇ? ಮಗಳನ್ನು ಇಳಿಸದೆ ಹತ್ತಿದ್ದು ಧೈರ್ಯದಿಂದಲೋ, ಎಲ್ಲರೂ ನೋಡುತ್ತಿದ್ದರು ಎಂಬ ನಾಚಿಕೆಯಿಂದಲೋ? ಅವಳ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಎದ್ದಿತು.

"ಅಮ್ಮೀ, ಇನ್ನೊಮ್ಮೆ ಹಾರಸು," ಎಂದಳು ಅಸ್ಫಿಯಾ.

ಶಾಕೀರ ಹಾರಿಸಲಿಲ್ಲ. ಹೆಣದ ಮೆರವಣಿಗೆಯ ಹಿಂದೆ ಹೋಗುವ ಗಾಡಿಯ ಹಾಗೆ, ನಡೆಯುವವರ ವೇಗದಲ್ಲಿ ವಾಪಸು ತಂದಳು. ಕಾರಿನ ಕೆಳಗಿನ ಪ್ರತಿ ಸದ್ದೂ ಅವಳ ಬೆನ್ನಿಗೆ ಕೇಳಿಸುತ್ತಿತ್ತು.

ಗುರುಬಸವರಾಜ ಬಂದು ಹಿಂದಿನ ಬಾಗಿಲು ತೆಗೆದು ಅಸ್ಫಿಯಾಳನ್ನು ತಾವೇ ಇಳಿಸಿದರು. ತಲೆ ಮುಟ್ಟಿ ನೋಡಿದರು. ಆಮೇಲೆ ಮೌಲಾಸಾಬನ ಎದುರು ನಿಂತರು. ಅರ್ಥವಾಗುವುದಕ್ಕೆ ಅವರಿಗೆ ಹೊತ್ತು ಬೇಕಾಯಿತು.

"ಒಡದಿದ್ರ ನೀವು ಮಗಳನ್ನ ಕೂಡಸ್ತಿರಲಿಲ್ಲ."

"ಇಲ್ರಿ."

"ಹಂಗಾರ ಸುಳ್ಳು."

"ವ್ಯಾಪಾರದ ಮಾತ್ರೀ ಸಾವ್ಕಾರ್ರ. ಎಲ್ಲಾರೂ ಅಂತಾರ."

"ನಾ ನಿಮ್ಮ ಕಾಲು ಮುಟ್ಟೀನ್ರಿ," ಎಂದರು ಗುರುಬಸವರಾಜ. ಅವರ ದನಿ ಏರಲಿಲ್ಲ. ತಮ್ಮ ಬೆರಳಿಗೆ ಹತ್ತಿದ್ದ ಎಣ್ಣೆಯನ್ನು ನೋಡಿಕೊಂಡರು.

ನೀಲಗಂಗಮ್ಮ ಶಾಕೀರಳಿಗೆ ಹೇಳಿದರು, ಮೌಲಾಸಾಬನ ಕಡೆ ನೋಡದೆ: "ನನ್ನ ಮಗಳು ಇನ್ನೂ ಅಳಾಕತ್ಯಾಳ. ಕೂಸಿಗೆ ಹಾಲು ಕುಡಸಾಕ ಆಗವಲ್ದು ಆಕಿಗೆ."

ಭೀಮರಾಜ ಮಾತ್ರ ನೆಲದಲ್ಲಿ ನಟ್ಟು ಹುಡುಕುತ್ತ ನಕ್ಕ. "ಬಿಚ್ಚಿದ್ದನ್ನ ಹಚ್ಚಾಕ ಬ್ಯಾರೆ ಕೂಲಿ ಆಕ್ಕೈತಿ ನೋಡ್ರಿ."

ಗುರುಬಸವರಾಜ ಓಣಿಯ ಆ ತುದಿಯತ್ತ ನೋಡುತ್ತ ಹೇಳಿದರು: "ಒಯ್ರಿ ಇದನ್ನ. ನಿಮ್ಮ ಹತ್ರ ಎಷ್ಟೈತೋ ಅಷ್ಟು ಕೊಡ್ರಿ. ನಮ್ಮ ಮನಿ ಮುಂದ ಇದು ಇನ್ನ ಬ್ಯಾಡ."

ರೇಟು ಇಳಿದಿತ್ತು. ಮೌಲಾಸಾಬನ ತುಟಿಯ ಒಂದು ಮೂಲೆ, ಅವನಿಗೇ ತಿಳಿಯದಂತೆ, ಮೇಲಕ್ಕೆದ್ದಿತು. ಡ್ರೈವರ್ ಸೀಟಿನ ಬಾಗಿಲು ಅಗಲ ತೆಗೆದು ಹೆಂಡತಿಗಾಗಿ ಹಿಡಿದು ನಿಂತ.

"ಹತ್ತು. ಸಂತಿಗೆ ಇನ್ನ ಬಸ್ಸು ಕಾಯಾದು ಬ್ಯಾಡ ನಿನಗ."

ಶಾಕೀರ ಹತ್ತಲಿಲ್ಲ. ಹಿಂದಿನ ಸೀಟಿಗೆ ಹೊರಟ ಅಸ್ಫಿಯಾಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಆಮೇಲೆ ಗುರುಬಸವರಾಜರ ಕಡೆ ತಿರುಗಿದಳು.

"ಅಣ್ಣಾ, ಈ ಊರಾಗ ಬ್ಯಾರೆ ಮೆಕ್ಯಾನಿಕ್ ಯಾರರ ಅದಾರೇನ್ರಿ?"