ಹೆಣ ಅತ್ತ ಸಿನಿಮಾ

ನಿಂಗಕ್ಕ ಮೂರನೆಯ ಕೊಡ ಬಗ್ಗಿಸಿದಳು. ನೀರು ಕೆಂಚಕ್ಕನ ನೆತ್ತಿಯಿಂದ ಇಳಿದು, ಮುಚ್ಚಿದ ಕಣ್ಣು ತೊಳೆದು, ಅಂಗಳದ ಚಪ್ಪಡಿಯ ಮೇಲೆ ಹರಿಯಿತು. ಸೀರೆಯ ಮರೆ ಹಿಡಿದು ನಿಂತ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರೇ ಹೊರತು ಬಾಯಿ ಬಿಟ್ಟು ಒಂದು ಸೊಲ್ಲು ಹೇಳುವವರಿರಲಿಲ್ಲ.

ಧರ್ಮಪುರದ ಸುತ್ತಿನ ಹಟ್ಟಿಗಳಲ್ಲಿ ಯಾರು ತೀರಿಕೊಂಡರೂ ನಲವತ್ತು ವರ್ಷ ಹಾಡಿ ಅತ್ತವಳು ಕೆಂಚಕ್ಕ. ಸತ್ತವರು ಹುಟ್ಟಿದ ಊರು, ಮೇಯಿಸಿದ ಕುರಿ, ಪಟ್ಟ ಪಾಡು ಎಲ್ಲವನ್ನೂ ಹಾಡು ಕಟ್ಟಿ ಅಳುತ್ತಿದ್ದಳು. ಅವಳು ಅತ್ತ ಮೇಲೆಯೇ ಸತ್ತವರಿಗೆ ದಾರಿ ಸಿಗುತ್ತದೆಂದು ಜನ ನಂಬಿದ್ದರು. ನಿಂಗಕ್ಕ ಪಕ್ಕದಲ್ಲಿ ಕೂತು ಸಾಲಿನ ಕೊನೆಯನ್ನು ಎತ್ತಿಕೊಂಡು ಹಿಂದೆ ಹೇಳುವವಳು. ಮುಂದಾಗಿ ಒಂದು ಸಾಲನ್ನೂ ಹೇಳಿದವಳಲ್ಲ. ಈಗ ಕೆಂಚಕ್ಕನೇ ಹೋಗಿದ್ದಳು. ಊರವರನ್ನೆಲ್ಲ ಅತ್ತು ಕಳಿಸಿದವಳು ತಾನು ಮೂಕಿಯ ಹಾಗೆ ಮಣ್ಣಿಗೆ ಹೋಗಬೇಕೇ ಎಂದು ನಿಂಗಕ್ಕನ ಎದೆ ಕೊರೆಯುತ್ತಿತ್ತು.

ಕೆಂಚಕ್ಕನ ಮೈದುನ ಜುಂಜಯ್ಯ ಹೊರಗಿನಿಂದ ಅವಸರ ಮಾಡಿದ. ಗುಣಿ ತೋಡಿ ಮುಗಿದಿದೆ, ಬಿಸಿಲೇರುತ್ತಿದೆ ಎಂದ.

"ನೀನೂ ಬಾಯಿ ಕಟ್ಕಂಡ್ರೆ ಹೆಂಗೆ ನಿಂಗಕ್ಕ? ಈ ಹಟ್ಟಿಯಾಗೆ ಕುರಿ ಸತ್ರೂ ಇದಕ್ಕಿಂತ ಗದ್ಲ ಆಗ್ತೈತೆ."

"ಅವಳದ್ದು ಅತ್ತು ಮುಗಿದೈತಪ್ಪ," ಎಂದಳು ನಿಂಗಕ್ಕ.

"ಯಾವಾಗ?" ಎಂದ ಜುಂಜಯ್ಯ.

*

ಆರು ವರ್ಷದ ಹಿಂದೆ ದೆವ್ವದ ಸಿನಿಮಾದವರು ಬಂದು, ಕೆರೆ ಏರಿಯ ಕೆಳಗಿನ ಹಾಳು ಮಂಟಪದಲ್ಲಿ ಹದಿನೈದು ದಿನ ಬೀಡುಬಿಟ್ಟಿದ್ದರು. ಹೀರೋಯಿನ್ ಸತ್ತು ದೆವ್ವವಾಗುವ ಕತೆ. ಹೆಣದ ಮುಂದೆ ಅಳಲು ಹಳ್ಳಿಯವರೇ ಬೇಕೆಂದು ಡೈರೆಕ್ಟರ್ ಕೆಂಚಕ್ಕನನ್ನೂ ನಿಂಗಕ್ಕನನ್ನೂ ಕರೆಸಿದ. ಹೀರೋಯಿನ್ ಹುಡುಗಿ ಮುಖಕ್ಕೆ ಬೂದಿಬಣ್ಣ ಬಳಿದುಕೊಂಡು ಚಾಪೆಯ ಮೇಲೆ ಮಲಗಿದ್ದಳು. ಸತ್ತವಳ ಹೆಸರು ಕಾಮಿನಿ, ಅವಳ ಹೆಸರು ಹಿಡಿದು ಅಳಿ ಎಂದು ಡೈರೆಕ್ಟರ್ ಹೇಳಿಕೊಟ್ಟ.

"ಹುಟ್ಟದೇ ಇರೋಳಿಗೆ ಏನಂತ ಅಳ್ಲಪ್ಪ?" ಎಂದಳು ಕೆಂಚಕ್ಕ. "ಅವಳು ಯಾರ ಮಗಳು? ಯಾವ ಹೊಲದಾಗೆ ಕಳೆ ತೆಗೆದ್ಲು?"

ಮಲಗಿದ್ದ ಹುಡುಗಿ ಕಣ್ಣು ಬಿಟ್ಟು, ಹಾಗಾದರೆ ನನ್ನ ಹೆಸರೇ ಹೇಳಿ ಅಜ್ಜಿ ಎಂದಳು. ಬದುಕಿರುವ ಮಗುವಿನ ಹೆಸರು ಹಿಡಿದು ಹಾಡಬಾರದೆಂದು ಕೆಂಚಕ್ಕ ಅವಳ ಗಲ್ಲ ಸವರಿದಳು. ಬಣ್ಣವೆಲ್ಲ ಕೈಗೆ ಬಂತು. ಬಣ್ಣದವನು ಗೊಣಗುತ್ತ ಬಂದು ಮತ್ತೆ ಬಳಿದು ಹೋದ. ಲೈಟು ಹಚ್ಚಿಕೊಂಡು ಎಲ್ಲರೂ ಕಾಯುತ್ತಿದ್ದರು. ಕೆಂಚಕ್ಕ ಸೆರಗು ಸಿಕ್ಕಿಸಿಕೊಂಡು ಹಾಡು ಎತ್ತಿದಳು.

"ಯಲ್ಲದಕೆರೆ ಕೂಸೇ, ಏಳು ವರ್ಷಕ್ಕೆ ಕುರಿ ಹಿಂದೆ ಹೋದೋಳೇ..."

ನಿಂಗಕ್ಕ ಬೆಚ್ಚಿ ಅವಳ ಕಡೆ ತಿರುಗಿದಳು. ಯಲ್ಲದಕೆರೆ ಕೆಂಚಕ್ಕನ ತವರು. ಅವಳು ತನ್ನನ್ನು ತಾನೇ ಅಳುತ್ತಿದ್ದಳು. ಜಾಲಿಮುಳ್ಳು ಮುರಿದು ಹಿಮ್ಮಡಿಯಲ್ಲಿ ಉಳಿದದ್ದು, ಹೆಸರಿಡುವ ಮೊದಲೇ ಹೋದ ಚೊಚ್ಚಲ ಹೆಣ್ಣುಕೂಸು, ಗಂಡನ ಕಾಯಿಲೆ, ಒಂದೂ ಬಿಡಲಿಲ್ಲ. ಹಿಂದೆ ಹೇಳುವವಳು ನಡುವೆ ನಿಲ್ಲುವಂತಿಲ್ಲ. ಬದುಕಿರುವ ಗೆಳತಿಯ ಸಾವನ್ನು ನಿಂಗಕ್ಕ ಸಾಲು ಸಾಲಾಗಿ ಎತ್ತಿಕೊಂಡು ಹೇಳಿದಳು. ಆಗ ಹೆಣವಾಗಿ ಮಲಗಿದ್ದ ಹುಡುಗಿಯ ಮುಚ್ಚಿದ ಕಣ್ಣಿನಿಂದ ನೀರು ಒಸರಿ, ಬೂದಿಬಣ್ಣದಲ್ಲಿ ಗೆರೆ ಕೊರೆದು ಕಿವಿಯ ಕಡೆಗೆ ಹರಿಯಿತು.

ಹೆಣ ಅತ್ತುಬಿಟ್ಟಿತು, ಇನ್ನೊಂದು ಸಲ ಮಾಡೋಣ ಎಂದು ಡೈರೆಕ್ಟರ್ ಬೇಡಿಕೊಂಡ. ಕೆಂಚಕ್ಕ ಎದ್ದು ಸೀರೆ ಕೊಡವಿಕೊಂಡಳು. "ಒಬ್ಬರಿಗೆ ಒಂದೇ ಸಲ ಅಳೋದಪ್ಪ. ಅದು ಆಗೋತು."

ಬೇರೆ ದಾರಿಯಿಲ್ಲದೆ ಅದನ್ನೇ ಸಿನಿಮಾಕ್ಕೆ ಹಾಕಿದರು. ಹಿರಿಯೂರಿನ ಟಾಕೀಸಿನಲ್ಲಿ ಆ ಕಣ್ಣೀರು ಇಳಿದಾಗ ಗಂಡಸರು ಕೂಡ ಪಕ್ಕದವರ ಕೈ ಹಿಡಿದುಕೊಂಡರು. ಇಡೀ ಸಿನಿಮಾದಲ್ಲಿ ಅಷ್ಟು ಭಯದ್ದು ಇನ್ನೊಂದಿಲ್ಲ ಎಂದು ಮಾತಾಡಿಕೊಂಡರು. ಕೆಂಚಕ್ಕ ಮಾತ್ರ ಹೆದರಲಿಲ್ಲ.

"ನೋಡೇ ನಿಂಗಿ," ಎಂದು ಪಿಸುಗುಟ್ಟಿದಳು. "ಆ ಕೂಸು ನನಗೋಸ್ಕರ ಅಳ್ತಾ ಐತೆ."

*

ಕೆಂಚಕ್ಕನ ಸೊಸೆ ದಿವ್ಯಾಳಿಗೆ ನಿಂಗಕ್ಕ ಈಗ ಇದನ್ನೆಲ್ಲ ಹೇಳಿದಾಗ, ಅತ್ತೆಯ ದನಿಯನ್ನೇ ಹಾಕೋಣವೆಂದು ಅವಳು ಫೋನಿನಲ್ಲಿ ಆ ಸಿನಿಮಾ ಹುಡುಕಿದಳು. ಹೆಂಗಸರು ಕಿವಿಗೊಟ್ಟರು. ಬರೀ ನಗಾರಿ, ಗಾಳಿಯ ಊಳು. ಪರದೆಯಲ್ಲಿ ಕೆಂಚಕ್ಕನ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಟಾಕೀಸಿನಲ್ಲಿ ಆ ಕಣ್ಣೀರನ್ನೇ ನೋಡುತ್ತಿದ್ದ ನಿಂಗಕ್ಕನಿಗೆ ಸಿನಿಮಾದವರು ಹಾಡು ತೆಗೆದು ಸಂಗೀತ ತುಂಬಿದ್ದು ಗೊತ್ತೇ ಆಗಿರಲಿಲ್ಲ. ದಿವ್ಯಾ ಫೋನನ್ನು ಸೆರಗಿನಲ್ಲಿ ಮುಚ್ಚಿಟ್ಟಳು.

ಹೊತ್ತಾಯಿತು, ಎತ್ರಪ್ಪ ಎಂದ ಜುಂಜಯ್ಯ. ಕೆಂಚಕ್ಕನ ಮಗ ಮಂಜುನಾಥ್ ಮುಂದಿನ ಬಲಗಡೆಗೆ ಹೆಗಲು ಕೊಟ್ಟ. ಇನ್ನು ಮೂವರು ಸೇರಿದರು. ಚಟ್ಟ ಮೇಲೆದ್ದಿತು.

ಹೆಗಲೇರಿದ ಚಟ್ಟವನ್ನು ನೋಡುತ್ತ ನಿಂಗಕ್ಕನ ಮನಸ್ಸಿನಲ್ಲಿ ಲೆಕ್ಕವೊಂದು ತಿರುಗಿತು. ಮಂಟಪದಲ್ಲಿ ಕೂತ ದಿನದವರೆಗಿನದನ್ನು ಕೆಂಚಕ್ಕ ಅತ್ತಿದ್ದಳು. ಆಮೇಲೆ ಆರು ವರ್ಷ ಬದುಕಿದಳಲ್ಲ, ಅದನ್ನು ಅತ್ತವರು ಯಾರು?

"ನಿಂತ್ಕಳ್ರಿ," ಎಂದಳು.

ಜುಂಜಯ್ಯ ಬಾಯಿ ತೆರೆಯುವಷ್ಟರಲ್ಲಿ ಅವಳು ಶುರು ಮಾಡಿಬಿಟ್ಟಿದ್ದಳು. ದನಿ ಮೊದಲು ಒಡಕಾಗಿ ಬಂತು.

"ಸಿನಿಮಾದೋರು ಹೋದ ಮಾರನೇ ದಿನ ಶೇಂಗಾ ಕೀಳಾಕೆ ಬಂದೋಳೇ..."

ಸಾಲು ಮುಗಿಸಿ ನಿಂತಳು. ಹಿಂದೆ ಹೇಳುವವರಿಲ್ಲ. ತಾನು ನಲವತ್ತು ವರ್ಷ ತುಂಬಿದ ಜಾಗ ಬಾವಿಯ ಹಾಗೆ ಖಾಲಿ ಬಿದ್ದಿತ್ತು. ಬಿಡಲಿಲ್ಲ, ಮುಂದಿನದನ್ನು ಎತ್ತಿದಳು. ತಾಯಿ ಸತ್ತ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿದವಳು. ಮತ್ತೆ ಖಾಲಿ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದು, ಇಷ್ಟು ಚೆಂದ ಇದ್ದೀಯೇನೇ ಎಂದು ಸೊಸೆಯ ಮುಖ ಹಿಡಿದು ನೋಡಿದವಳು. ದಿವ್ಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಜ್ವರ ಬಂದ ಮಗನ ಹಣೆ ಮೇಲೆ ಬೆಳಗಾನ ಕೈಯಿಟ್ಟೋಳೇ..."

"ಕೈಯಿಟ್ಟೋಳೇ..."

ಗಂಡಸಿನ ದನಿ. ಆ ಹಟ್ಟಿಯಲ್ಲಿ ಗಂಡಸರು ಹಾಡಿ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಜನ ಸುತ್ತ ನೋಡಿದರು. ಚಟ್ಟದ ಅಡಿಯಿಂದ ಮಂಜುನಾಥ್, ತಲೆ ತಗ್ಗಿಸಿಕೊಂಡು, ಸಾಲಿನ ಕೊನೆಯನ್ನು ಸರಿಯಾದ ಎಳೆತದಲ್ಲಿ ಎತ್ತಿಕೊಂಡಿದ್ದ. ಯಾರೂ ಅವನನ್ನು ತಡೆಯಲಿಲ್ಲ. ಜುಂಜಯ್ಯ ತಲೆಯ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ನಿಂಗಕ್ಕ ಒಂದೊಂದೇ ವರ್ಷ ದಾಟುತ್ತ ಬಂದಳು. ಬಿಸಿಲು ನೆತ್ತಿಗೇರಿತು. ಹೊತ್ತ ನಾಲ್ವರಲ್ಲಿ ಒಬ್ಬರೂ ಹೆಗಲು ಬದಲಿಸಲಿಲ್ಲ. ಮಗನ ಹೆಗಲು ನಡುಗಿದಾಗಲೆಲ್ಲ ಚಟ್ಟದ ಮೇಲಿನ ಸೇವಂತಿಗೆ ಅಲುಗಿ, ಒಂದೊಂದಾಗಿ ಅವನ ತಲೆಯ ಮೇಲೆ ಉದುರುತ್ತಿತ್ತು.