ಊರೂರು ಸುತ್ತಿದ ಇಂಗ್ಲಿಷ್ ಖಣ

ಇಳಕಲ್ಲಿನ ಶಿವಗಂಗಾಳ ಸೂಜಿಗೆ ಬರುತ್ತಿದ್ದಷ್ಟು ಇಂಗ್ಲಿಷ್ ಏಳು ಜಿಲ್ಲೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಸ್ವತಃ ಶಿವಗಂಗಾಳಿಗೂ ಬರುತ್ತಿರಲಿಲ್ಲ. ಕಾಗದದಲ್ಲಿ ಓದಿದ್ದು ಅವಳ ತಲೆಯಲ್ಲಿ ಕಾದ ಹಂಚಿನ ಮೇಲಿನ ನೀರಹನಿಯಷ್ಟು ಹೊತ್ತೂ ನಿಲ್ಲುತ್ತಿರಲಿಲ್ಲ. ಬಟ್ಟೆಯ ಮೇಲೆ ಕಸೂತಿ ಹಾಕಿದರಷ್ಟೇ ನಿಲ್ಲುತ್ತದೆ ಎಂಬುದು ಅವಳ ನಂಬಿಕೆ.

ಬಾಗಲಕೋಟೆಯ ಸೀರೆ ಸಂಘವೊಂದಕ್ಕೆ ಪರದೇಶದ ಗಿರಾಕಿಗಳಿಗೆ ಇಂಗ್ಲಿಷ್ ಪತ್ರ ಬರೆಯುವವರು ಬೇಕಾಗಿದ್ದರು. ಪರೀಕ್ಷೆಯಲ್ಲಿ ಕೇಳುವುದು, ಒಂದರಂತೆ ಇನ್ನೊಂದು ಕಾಣುವ ಶಬ್ದಗಳು, ಅಲ್ಪವಿರಾಮ, ಅಕ್ಷರದ ನೆತ್ತಿಯ ಮೇಲೆ ಕೂರುವ ಅಪಾಸ್ಟ್ರಫಿ ಎಂಬ ಕೊಕ್ಕೆ. ಎರಡು ಸಲ ಬೇರೆ ಕಡೆ ಡುಮ್ಕಿ ಹೊಡೆದಿದ್ದ ಶಿವಗಂಗಾಳಿಗೆ ಅತ್ತೆ ಗುರುಲಿಂಗವ್ವ ಖಡಾಖಂಡಿತ ಹೇಳಿದ್ದಳು: "ಇದೊಂದ ಸಲ ನೋಡವಾ. ಇಲ್ಲಾಂದ್ರ ಸುಮ್ನ ಮಗ್ಗದ ಮುಂದ ಕೂಡು."

ಅದಕ್ಕೇ ಅವಳು ಕುಂಕುಮ ಬಣ್ಣದ ಗುಳೇದಗುಡ್ಡದ ರವಿಕೆ ಖಣವೊಂದರ ಮೇಲೆ, ಬಿಳಿ ದಾರದಲ್ಲಿ, ಹತ್ತೊಂಬತ್ತು ವಾಕ್ಯ ಹೊಲಿದಿಟ್ಟಳು. ಕಣ್ಣು ಹೋಗುವಷ್ಟು ಸಣ್ಣ ಅಕ್ಷರ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ, ಕೊನೆಯ ಸಲ ಓದಿಕೊಳ್ಳಲೆಂದು ಟ್ರಂಕು ತೆರೆದರೆ ಖಣವೇ ಇಲ್ಲ!

"ಅತ್ತಿ, ನನ್ನ ಖಣ ಎಲ್ಲೈತ್ರಿ?"

"ಹೋದ ವಾರ ಹುನಗುಂದದ ಶಾರವ್ವ ಬಂದಿದ್ಲಲ್ಲ, ಉಡಿ ತುಂಬಿ ಕಳಿಸಿದೆ. ಮುತ್ತೈದಿನ್ನ ಬರಿ ಉಡಿಲೆ ಕಳಿಸಾಕ ಬರ್ತೈತೇನ?"

"ಅದರ ಮ್ಯಾಲ ನನ್ನ ಇಂಗ್ಲಿಷ್ ಇತ್ತ್ರೀ!"

"ಹೌದನ? ನಾ ಇರವಿ ಸಾಲಿನ ಡಿಜೈನ ಅಂದ್ಕೊಂಡೆ ಬಿಡ."

ಆ ಸೀಮೆಯಲ್ಲಿ ಉಡಿಗೆ ಬಿದ್ದ ಖಣ ಒಂದು ಮನೆಯಲ್ಲಿ ಕೂರುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲಿನ ಜೊತೆ ಈ ಉಡಿಯಿಂದ ಆ ಉಡಿಗೆ ಜಿಗಿದು, ಪಂಚಾಯ್ತಿ ಮೆಂಬರಿಗಿಂತ ಹೆಚ್ಚು ಮನೆ ತಿರುಗಿ ಬರುತ್ತದೆ. ವಾಪಸು ಕೇಳಿದರೆ ಮಹಾಪಾಪ. 'ಒಮ್ಮಿ ತೋರಿಸ್ರಿ' ಎಂದು ಕೇಳಲು ಮಾತ್ರ ಅಡ್ಡಿಯಿಲ್ಲ. ಶಿವಗಂಗಾ ಚಪ್ಪಲಿ ಮೆಟ್ಟಿದ್ದೇ ಹುನಗುಂದದ ಬಸ್ಸು ಹತ್ತಿದಳು.

ಶಾರವ್ವನ ಮನೆಯಲ್ಲಿ ಖಣಗಳ ಗುಡ್ಡವೇ ಇತ್ತು. "ನಿಂದು ಯಾವುದಂತ ನನಗೆಂಗ ಗೊತ್ತಾಗಬೇಕವಾ? ಏನ ಹೊಲದಿದ್ದಿ, ಹೇಳು."

ಶಿವಗಂಗಾ ಅಳುತ್ತಲೇ ಶುರು ಮಾಡಿದಳು. "ಲೂಸ್ ಅಂದ್ರ ಸಡ್ಲ, ಎರಡು 'ಓ' ಆರಾಮ ಕುಂತಾವ. ಲೂಝ್ ಅಂದ್ರ ಕಳಕೊಳ್ಳೂದು, ಒಂದು 'ಓ' ಕಳದೈತಿ..." ಹತ್ತೊಂಬತ್ತೂ ಮುಗಿಯುವವರೆಗೆ ಶಾರವ್ವ ಬಾಯಿ ತೆರೆದೇ ಕೂತಿದ್ದಳು.

"ಅಯ್ಯ, ಅದನ! ಚೊಳಚಗುಡ್ಡದ ಚಂದವ್ವಗ ಉಡಿ ತುಂಬಿದ್ನಲ್ಲ!"

ಬಾದಾಮಿ ಬಸ್ಸಿನಲ್ಲಿ ಅವಳ ಬಿಕ್ಕಳಿಕೆ ಕೇಳಿ ಕಂಡಕ್ಟರ್ ಅಫ್ಜಲ ಟಿಕೆಟ್ ಹರಿಯುವುದನ್ನೇ ಬಿಟ್ಟ. "ಯಾಕಕ್ಕಾ, ಏನ ಕಳಕೊಂಡ್ರಿ?"

"ಇಂಗ್ಲಿಷ್!" ಎಂದವಳೇ ಮತ್ತೆ ಹತ್ತೊಂಬತ್ತು ವಾಕ್ಯವನ್ನೂ ಒಪ್ಪಿಸಿದಳು. ಬಾದಾಮಿ ಬರುವಷ್ಟರಲ್ಲಿ ಬಸ್ಸಿಗೆ ಬಸ್ಸೇ, ಸೊಪ್ಪಿನ ಬುಟ್ಟಿಯ ಮುದುಕಿಯೂ ಸೇರಿ, 'ಅಡ್ವೈಸ್ ಕೊಡೂದಕ್ಕ ಸಿ, ಅಡ್ವೈಝ್ ಮಾಡೂದಕ್ಕ ಎಸ್' ಎಂದು ಭಜನೆ ಹಾಡುತ್ತಿತ್ತು. ಅಫ್ಜಲ ಸೀಟಿಯಲ್ಲೇ ತಾಳ ಹಾಕಿದ.

ಚೊಳಚಗುಡ್ಡದಲ್ಲಿ ಮೂರನೆಯ ಪಾರಾಯಣ ಕೇಳಿ ಚಂದವ್ವ ಗಲ್ಲಕ್ಕೆ ಕೈ ಹಚ್ಚಿದಳು. "ನನ್ನ ತಮ್ಮನ ಸೊಸಿಗೆ ಕೊಟ್ಟೆ, ಬಾಗಲಕೋಟಿಯಾಕಿಗೆ. ಹೊತ್ತು ಮುಳಗೈತಿ, ಇವತ್ತ ಇಲ್ಲೇ ಇರು. ಕಟಕ ರೊಟ್ಟಿ ಐತಿ, ಉಣ್ಣು."

ಮರುದಿನ ಆ ಸೊಸೆಯನ್ನು ಹುಡುಕಲು ಹೊತ್ತಿಲ್ಲದೆ ಶಿವಗಂಗಾ ಸತ್ತವಳ ಹಾಗೆ ಬಾಗಲಕೋಟೆಯ ಪರೀಕ್ಷೆಯ ಕೋಣೆಯಲ್ಲಿ ಕೂತಳು. ಪ್ರಶ್ನೆಪತ್ರಿಕೆ ಹಂಚಿದ ಸಂಘದ ಸುಧಾರಾಣಿ ಮೇಡಂ ಬೋರ್ಡಿನ ಕಡೆ ತಿರುಗಿದ್ದೇ ತಡ, ಇವಳು ಕೂತಲ್ಲಿಂದ ಅರ್ಧ ಎದ್ದಳು. ಮೇಡಂ ತೊಟ್ಟ ಕುಬಸದ ಬೆನ್ನಮೇಲೆ, ಬಿಳಿ ದಾರದಲ್ಲಿ, ತನ್ನದೇ ಇಂಗ್ಲಿಷ್! ಚಂದವ್ವನ ತಮ್ಮನ ಸೊಸೆ ಈಕೆಯೇ! ಆದರೆ ದರ್ಜಿ ಖಣವನ್ನು ತಲೆಕೆಳಗಾಗಿ ಕತ್ತರಿಸಿದ್ದ. ಅರ್ಧ ವಾಕ್ಯ ಎಡತೋಳಿಗೆ, ಇನ್ನರ್ಧ ಬಲತೋಳಿಗೆ, ಅಲ್ಪವಿರಾಮಗಳೆಲ್ಲ ಕಂಕುಳಲ್ಲಿ.

ಅದನ್ನು ಓದಲಾಗದ್ದಕ್ಕೆ ಹಲ್ಲು ಕಚ್ಚಿ ಅವಳು ಪತ್ರಿಕೆಗೆ ಬಗ್ಗಿದಳು. 'ನಾಯಿ ತನ್ನ ಬಾಲ ಅಲ್ಲಾಡಿಸಿತು: "ತನ್ನ" ಎಂಬರ್ಥದ ಇಟ್ಸ್‌ಗೆ ಕೊಕ್ಕೆ ಬೇಕೋ ಬೇಡವೋ?' ಶಾರವ್ವನ ಮುಂದೆ ಹೇಳಿದ್ದು ತಾನಾಗಿ ಬಾಯಿಗೆ ಬಂತು: ಬೇಡ. ಮುಂದಿನದು ಅಫ್ಜಲನ ತಾಳದಲ್ಲಿ ಬಂತು. ಅದರ ಮುಂದಿನದಕ್ಕೆ ರೊಟ್ಟಿಯ ವಾಸನೆಯೂ ಇತ್ತು. ಪೆನ್ನು ಹೊಗೆಯಾಡುವಷ್ಟು ಜೋರಾಗಿ ಓಡಿತು.

ಒಂದೂ ತಪ್ಪಿಲ್ಲದ ಪತ್ರಿಕೆ ನೋಡಿ ಸುಧಾರಾಣಿ ಹುಬ್ಬೇರಿಸಿದಳು. "ಈ ವಾಕ್ಯ ನನ್ನ ಕುಬಸದ ಮ್ಯಾಲ ಅದಾವ. ನನ್ನ ಬೆನ್ನು ನೋಡಿ ಬರದಿ ಏನ?"

"ತಲಿಕೆಳಗ ಅದಾವ್ರಿ ಮೇಡಂ. ಅವನ್ನ ಹೊಲದಾಕಿನ ನಾನ್ರಿ."

ಸುಧಾರಾಣಿ ಕುರ್ಚಿಯ ಬೆನ್ನನ್ನು ಗೋಡೆಗೆ ಹಚ್ಚಿ ಕೂತಳು. "ಹಂಗಾರ ಬಾಯಿಲೆ ಹೇಳು."

ಶಿವಗಂಗಾ ಕಣ್ಣು ಮುಚ್ಚಿ, ಒಂದೇ ಉಸಿರಿಗೆ, ಅಲ್ಪವಿರಾಮಕ್ಕೆ ಚಿಟಿಕೆ ಹೊಡೆಯುತ್ತ ಹತ್ತೊಂಬತ್ತೂ ಹೇಳಿದಳು. ಸುಧಾರಾಣಿ ನಕ್ಕೂ ನಕ್ಕೂ ಕೆಲಸದ ಕಾಗದಕ್ಕೆ ಸಹಿ ಹಾಕಿದಳು. ಆಮೇಲೆ ಮನೆಗೆ ಕರೆದೊಯ್ದು, ಪದ್ಧತಿ ಬಿಡದೆ, ಹಸಿರು ಖಣವೊಂದನ್ನಿಟ್ಟು ಅವಳ ಉಡಿ ತುಂಬಿದಳು.

ಇಳಕಲ್ಲಿಗೆ ಬಂದು ಸುದ್ದಿ ಹೇಳಿದ್ದೇ ಗುರುಲಿಂಗವ್ವ ಸೊಸೆಯ ಬಾಯಿಗೆ ಸಕ್ಕರೆ ಸುರಿದು, ಇನ್ನೊಂದು ಕೈಯಿಂದ ಖಣ ಎಳೆದುಕೊಂಡಳು. "ಛಲೋ ಐತಿ. ನಾಳಿ ಯಾರರ ಬಂದ್ರ ಕೊಡಾಕ ಆತು."

"ಎರಡ ದಿನ ತಡೀರಿ ಅತ್ತಿ," ಎಂದು ಶಿವಗಂಗಾ ಸೂಜಿಗೆ ದಾರ ಪೋಣಿಸಿದಳು. "ಇನ್ನ ಭಾಳ ಶಬ್ದ ಕಲಿಯೂದು ಐತಿ. ಹೊಲದ ಕೊಡ್ತೇನಿ, ಊರೂರು ಕಳಿಸ್ರಿ. ನಾ ಬೆನ್ನ ಹತ್ತಿ ಹೋಗ್ತೇನಿ."