ನಾಲ್ಕು ನಿಮಿಷದ ಅಳು

"ಇದೇನಮ್ಮ ಅಳೋ ರೀತಿ? ಹಲ್ಲು ನೋವು ಬಂದವಳ ಥರ ಮುಲುಗ್ತಿದೀಯಲ್ಲ. ನಿಮ್ಮಪ್ಪ ಸತ್ತಾಗಲೂ ಹೀಗೇ ಅತ್ತಿದ್ದಾ?"

ನದಿಯ ಪ್ರವಾಸಿ ಹಡಗಿನ ಯಜಮಾನ ಇಹಾಬ್ ಬೇ ಮೇಲಟ್ಟದಲ್ಲಿ, ಈಜುಕೊಳದ ಪಕ್ಕ, ಛತ್ರಿಯ ನೆರಳಿನಲ್ಲಿ ಕೂತು ನಿಂಬೆ ಷರಬತ್ತು ಹೀರುತ್ತಿದ್ದ. ಅವನೆದುರು, ಸಾವಿನ ಮನೆಗಳಲ್ಲಿ ಹಾಡಿ ಅಳುವ ನಬವಿಯಾ ಮತ್ತು ಫಾಯಕಾ ಕಾದ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಪಾದ ಸುಡುತ್ತಿದ್ದರಿಂದ ಒಂದು ಸಲ ಆ ಕಾಲು, ಒಂದು ಸಲ ಈ ಕಾಲು. ಚಪ್ಪಲಿ ಹಾಕಿಕೊಂಡರೆ ಹಳೆಯ ಕಾಲದವರ ಹಾಗೆ ಕಾಣುವುದಿಲ್ಲ ಎಂದು ಬೇ ಹೇಳಿದ್ದ.

"ಬೆಳಗ್ಗೆ ಅತಿಥಿಗಳು ಗೋರಿ ನೋಡಿ ಬಂದಿದಾರೆ. ಗೋಡೆ ಮೇಲೆ ಅಳೋ ಹೆಂಗಸರ ಚಿತ್ರ ಇದೆಯಲ್ಲ, ಕೈ ಎತ್ಕೊಂಡು? ಹಂಗೇ ಎತ್ತಬೇಕು. ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ನಾಲ್ಕು ನಿಮಿಷ. ಅದರ ಮೇಲೆ ಒಂದು ಉಸಿರೂ ಬೇಡ, ಊಟದ ಹೊತ್ತು."

"ಯಾರ್ನ ಕರೆದು ಅಳಾದು ಬೇ?" ಎಂದಳು ಫಾಯಕಾ. ಅವಳು ಕೈಯಲ್ಲಿ ತಮಟೆಯಂಥ ದುಂಡನೆಯ ವಾದ್ಯ ಹಿಡಿದಿದ್ದಳು. "ಹೆಸ್ರು ಬೇಕಲ್ಲ. ಹೆಸ್ರಿಲ್ದೆ ಅತ್ರೆ ಅಳು ದಾರಿ ತಪ್ಪಿ ಯಾರ್ದಾರ ಮನೆಗೆ ವಕ್ಕತದೆ."

"ಯಾವನಾದ್ರೂ ಹಳೇ ದೊರೆ, ಫರೋಹ ಅನ್ನು. ಅವರಿಗೇನು ಗೊತ್ತಾಗುತ್ತೆ. ನಿಮ್ಮ ಮೇಲ್ನಾಡಿನ ಹಳ್ಳಿಯವರ ತಲೆ ತುಂಬ ಬೇಯಿಸಿದ ಅವರೆಕಾಳು." ಅವನು ಒಂದು ಪುಟ್ಟ ಡಬ್ಬಿ ಎಸೆದ. "ಮುಖಕ್ಕೆ ಈ ನೀಲಿ ಬಣ್ಣ ಬಳ್ಕೊಳ್ಳಿ. ನಿಮ್ಮ ಪದ್ಧತಿ ಅಂತ ಕೆಸರು ಗಿಸರು ತಂದ್ರೆ ಹಲಗೆ ನೆಕ್ಕಿಸ್ತೀನಿ. ಬರ್ಮಾ ತೇಗ ಇದು."

ನಬವಿಯಾ ಬಗ್ಗಿ ಡಬ್ಬಿ ಎತ್ತಿಕೊಂಡಳು. ಗೋಡೆಯ ಮೇಲಿನ ಆ ಹೆಂಗಸರನ್ನು ಅವನು ಅವಳಿಗೆ ತೋರಿಸಿಕೊಡಬೇಕಾಗಿರಲಿಲ್ಲ. ಗುಡ್ಡದ ಮೇಲೆ ಅವರ ಮನೆಯಿದ್ದಾಗ ಅಂಥದೊಂದು ಗೋರಿಯಲ್ಲಿ ಅಜ್ಜಿ ಮೇಕೆ ಕಟ್ಟುತ್ತಿದ್ದಳು. ಮೇಕೆಗೆ ಹುಲ್ಲು ಹಾಕಲು ಹೋದಾಗಲೆಲ್ಲ ಪುಟ್ಟ ನಬವಿಯಾ ಆ ಹೆಂಗಸರ ಕೆನ್ನೆಯ ಮೇಲಿನ ಕಣ್ಣೀರಿನ ಚುಕ್ಕೆಗಳನ್ನು ಬೆರಳಿಟ್ಟು ಎಣಿಸುತ್ತಿದ್ದಳು. ಆಮೇಲೆ ಸರ್ಕಾರ ಬುಲ್ಡೋಜರ್ ತಂದು ಮನೆಗಳನ್ನು ಕೆಡವಿತು. ಗೋಡೆಯ ಹೆಂಗಸರು ಉಳಿದರು, ಮೇಕೆ ಕಟ್ಟಿದವರು ಹೋದರು.

ಹೀಗೆ ಹಾಡಿ ಅಳುವುದು ಬೇಡವೆಂದು ಮಸೀದಿಯ ಶೇಖರು ಎಷ್ಟು ಹೇಳಿದರೂ ಆ ಸೀಮೆಯಲ್ಲಿ ಸಾವಾದರೆ ಜನ ನಬವಿಯಾಳನ್ನೇ ಕರೆಸುತ್ತಿದ್ದರು. ಅವಳು ಬಾಯಿ ತೆರೆದರೆ ಕಲ್ಲೂ ಒದ್ದೆಯಾಗುತ್ತದೆ ಎನ್ನುತ್ತಿದ್ದರು. ಆದರೆ ಒಂಬತ್ತು ವಾರದಿಂದ ಅವಳು ಯಾರ ಮನೆಗೂ ಹೋಗಿರಲಿಲ್ಲ. ಅಳು ಒಳಗೆ ಹೆಪ್ಪುಗಟ್ಟಿತ್ತು.

ಅವಳ ಮಗ ಇದೇ ಹಡಗಿನಲ್ಲಿ ಹಗ್ಗ ಕಟ್ಟುವ ಕೆಲಸಕ್ಕಿದ್ದ. ಹೆಸರು ಶಹಾತ, ಅಂದರೆ ತಿರುಕ. ಅವನಿಗಿಂತ ಮುಂಚೆ ಮೂರು ಕೂಸು ತೊಟ್ಟಿಲಲ್ಲೇ ಹೋಗಿದ್ದವು. ನಾಲ್ಕನೆಯದು ಹುಟ್ಟಿದಾಗ ಏಳು ಮನೆಯ ಬಾಗಿಲಲ್ಲಿ ರೊಟ್ಟಿ ಬೇಡಿ ತಂದು, ಬಾಯಿಗೆ ತುಣುಕು ಮುಟ್ಟಿಸಿ ಆ ಹೆಸರಿಟ್ಟಿದ್ದಳು. ತಿರುಕನ ಕಡೆ ಸಾವು ತಿರುಗಿ ನೋಡುವುದಿಲ್ಲವಂತೆ. ಇಪ್ಪತ್ತಮೂರು ವರ್ಷ ನೋಡಿರಲಿಲ್ಲ.

ಮಗ ರಜಕ್ಕೆ ಬರಲಿಲ್ಲವೆಂದು ಅವಳು ಹಡಗು ಕಟ್ಟೆಗೆ ಬಂದು ಕೇಳಿದಾಗ ಬಾಗಿಲಲ್ಲಿದ್ದ ಗುಮಾಸ್ತ ನಕ್ಕಿದ್ದ. "ಎದ್ಫೂ ಕಟ್ಟೆಲಿ ಇಳಿದುಹೋದ ಕಣಮ್ಮ. ಯಾವುದೋ ಬಿಳಿ ಮುದುಕಿ ಹಿಂದೆ ಹೋಗಿರ್ತಾನೆ. ನಿಮ್ಮೂರ ಹುಡುಗರದೆಲ್ಲ ಅದೇ ಕತೆಯಲ್ಲ?" ಹಾಗೆ ಆಗಿರಲಿ ಎಂದು ನಬವಿಯಾ ಒಂಬತ್ತು ವಾರ ಹಾರೈಸಿದ್ದಳು. ತನಗಿಂತ ವಯಸ್ಸಾದ ಸೊಸೆಯನ್ನು ಏನೆಂದು ಕರೆಯುವುದು, ಅವಳಿಗೆ ಬಿಸಿಲಲ್ಲಿ ಉಬ್ಬಿಸಿದ ರೊಟ್ಟಿ ಸೇರುತ್ತದೋ ಇಲ್ಲವೋ ಎಂದು ಹಿಟ್ಟು ನಾದುತ್ತ ಯೋಚಿಸಿದ್ದಳು. ಅವನ ನಿಲುವಂಗಿಯನ್ನು ಪ್ರತಿ ಶುಕ್ರವಾರ ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು. ಬದುಕಿದ್ದವನಿಗೆ ಅತ್ತರೆ ಆ ಅಳೇ ಅವನನ್ನು ಒಯ್ಯುತ್ತದೆ. ಹೆಣ ಕಾಣದೆ, ನೋಡಿದವರು ಹೇಳದೆ ಸೊಲ್ಲೆತ್ತುವಂತಿರಲಿಲ್ಲ. ಹಡಗಿನವರು ಅಳುವ ಹೆಂಗಸರನ್ನು ಹುಡುಕುತ್ತಿದ್ದಾರೆಂದು ಫಾಯಕಾ ಹೇಳಿದಾಗ ಅವಳು ಒಪ್ಪಿಕೊಂಡದ್ದು ಅದಕ್ಕೇ. ಒಳಗೆ ಕಾಲಿಡಲು ಅವಳಿಗೆ ಬೇರೆ ದಾರಿ ಇರಲಿಲ್ಲ.

ಹಡಗು ಹೊರಟಿತು. ಸಂಜೆಯ ತನಕ ಅತಿಥಿಗಳ ಕಣ್ಣಿಗೆ ಬೀಳಕೂಡದೆಂದು ಇಬ್ಬರನ್ನೂ ಕೆಳಗಟ್ಟದ ಅಡುಗೆಮನೆಗೆ ಅಟ್ಟಿದರು. ಕಿಟಕಿಗಳಿಲ್ಲದ ಜಾಗ. ತಗಡಿನ ಗೋಡೆಯ ಆಚೆಗೇ ನೀರು. ನಬವಿಯಾ ಈರುಳ್ಳಿ ಚೀಲಕ್ಕೆ ಒರಗಿ ಕೂತಳು. ಬೆನ್ನ ಹಿಂದೆ ಟಕ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಕ್ ಟಕ್. ರಜಕ್ಕೆ ಬಂದಾಗ ಶಹಾತ ಬಾಗಿಲನ್ನು ಹಾಗೇ ಬಡಿಯುತ್ತಿದ್ದ, ಒಂದು, ಆಮೇಲೆ ಎರಡು.

"ಅದೇನ್ ಸಬ್ದ?"

"ನೀರು ಕಣವ್ವ. ಕೊಂಬೆ ಗಿಂಬೆ ತೇಲ್ಕಂಡ್ ಬಂದು ತಾಕ್ತವೆ," ಎಂದ ದೊಡ್ಡ ಬಾಣಸಿಗ ಹಸನೈನ್. ಅವನೂ ಅವಳ ಸೀಮೆಯವನೇ. ಮಗನಿಗೆ ಈ ಹಡಗಿನಲ್ಲಿ ಕೆಲಸ ಕೊಡಿಸಿದವನು. ಅವಳು ಬಂದಾಗಿನಿಂದ ಅವನು ಅವಳ ಮುಖ ನೋಡಿರಲಿಲ್ಲ. ನಾದಿದ ಹಿಟ್ಟನ್ನೇ ಮತ್ತೆ ನಾದುತ್ತಿದ್ದ.

"ಹಸನೈನ್ ಮಾಮ, ಹಿಟ್ಟು ಸಾಯ್ತದೆ ಬುಡು."

ಅವನ ಕೈ ನಿಂತಿತು.

"ನಾನು ಕೇಳಾಕೆ ಬಂದಿರೋದು ಏನು ಅಂತ ನಿಂಗೊತ್ತು. ನನ್ನ ತಿರುಕ ಎಲ್ಲವ್ನೆ?"

"ಇಳ್ದೋದ ಅಂತ ಯೋಳಿಲ್ವಾ?"

"ನಿನ್ ಬಾಯಿಗ್ ಮಣ್ಣಾಕ. ಗುಮಾಸ್ತ ಯೋಳ್ದಂಗೆ ಯೋಳಬ್ಯಾಡ. ನನ್ ಕೈಯ ರೊಟ್ಟಿ ಉಂಡೋನು ನೀನು. ಆ ಬಾಯಾಗೇ ಯೋಳು."

ಹಸನೈನ್ ಕೈಯ ಹಿಟ್ಟನ್ನು ನಿಧಾನವಾಗಿ ಉಜ್ಜಿ ತೆಗೆದ. ಒಲೆಯ ಹಿಂದೆ ಬಗ್ಗಿ, ಹಿಟ್ಟಿನ ಖಾಲಿ ಚೀಲವೊಂದನ್ನು ಎಳೆದು ತಂದು ಅವಳ ಮಡಿಲಲ್ಲಿಟ್ಟ. ಒಳಗೆ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ. ಎಡಗಾಲಿನ ಪಟ್ಟಿ ಕಿತ್ತು ಹೋಗಿ ತಂತಿ ಸುತ್ತಿತ್ತು. ತಂತಿಯ ಮೊನೆ ಚುಚ್ಚದಿರಲೆಂದು ಅದರ ಮೇಲೆ ಕೆಂಪು ದಾರ. ದಾರ ಸುತ್ತಿಕೊಟ್ಟವಳು ಅವಳೇ.

"ಎದ್ಫೂ ಕಟ್ಟೆ," ಎಂದ ಹಸನೈನ್. "ಐದು ಹಡ್ಗು ಪಕ್ಕಪಕ್ಕ ನಿಂತಿದ್ವು. ನಮ್ದು ಆರ್ನೇದು, ದಡ ಸೇರ್ಬೇಕಂದ್ರೆ ಅವೈದನ್ನೂ ದಾಟ್ಬೇಕು. ಒಂದಕ್ಕೊಂದು ತಾಕ್ದಂಗೆ ಎಲ್ಡು ಹಡ್ಗಿನ ಮಧ್ಯೆ ಟೈರ್ ಇಳೀಬುಡು ಅಂದ್ರು. ಜಾರ್‍ತದೆ ಅಂತ ಚಪ್ಪಲಿ ಬುಟ್ಟು ಇಳ್ದ. ಪಕ್ಕದ್ದು ಸರ್ದು ಒತ್ಕಂತು."

ಮೇಲೆಲ್ಲೋ ಯಾರೋ ನಕ್ಕರು. ಈಜುಕೊಳಕ್ಕೆ ಯಾರೋ ಧುಮುಕಿದ ಸದ್ದು.

"ನಾನು ಕೂಗ್ದೆ. ಎಲ್ರೂ ಕೂಗುದ್ವಿ. ಹಡ್ಗು ಇಂದಕ್ ತಗೀರಿ ಅಂದ್ವಿ. ಬೇ ಬಂದು ಗಡಿಯಾರ ನೋಡ್ಕಂಡ. ಬಿಸ್ಲೇರೋಕ್ ಮುಂಚೆ ಅತಿಥಿಗಳು ಗುಡಿ ಸೇರ್ಬೇಕು, ಅವ್ರು ಇಳಿಯೋ ಗಂಟ ಯಾರೂ ಉಸ್ರೆತ್ತಬ್ಯಾಡಿ ಅಂದ. ನೂರಾ ಇಪ್ಪತ್ತು ಜನ, ಟೋಪಿ ಆಕ್ಕಂಡು, ನೀರ್ ಬಾಟ್ಲಿ ಇಡ್ಕಂಡು, ಒಬ್ಬೊಬ್ರಾಗಿ ಅವನ್ ತಲೆ ಮ್ಯಾಲೇ ದಾಟ್ಕಂಡ್ ಓದ್ರು. ಆಮ್ಯಾಕೆ ನೋಡುದ್ರೆ ನೀರು ತಿಳಿಯಾಗಿತ್ತು. ಏನೂ ಇರ್ಲಿಲ್ಲ. ಸಂಜೆ ಬೇ ಕಾಗ್ದ ತಂದ. ಇಳ್ದೋದ ಅಂತ ಬರ್ದಿತ್ತು. ನಾನೂ ಹೆಬ್ಬೆಟ್ಟು ಒತ್ತಿವ್ನಿ, ನಬವಿಯಾ."

ಅವಳು ಚಪ್ಪಲಿಯ ಅಡಿಗೆ ಅಂಟಿದ್ದ ಒಣಗಿದ ಕೆಸರನ್ನು ಉಗುರಿನಿಂದ ಬಿಡಿಸುತ್ತಿದ್ದಳು, ಮಗು ಆಡಿ ಬಂದಾಗ ಕಾಲು ತೊಳೆಸುವವಳಂತೆ. ಫಾಯಕಾ ಅವಳ ಭುಜ ಹಿಡಿದುಕೊಂಡಳು.

"ಎಸ್ನಾ ಕಟ್ಟೆ ಬಂದೇಟ್ಗೆ ಇಳ್ಕಂಬುಡಾನ ಕಣಕ್ಕ. ಮನೆಗೋಗಿ ಊರೋರ್ನೆಲ್ಲ ಕರ್ದು ಅಳಾನ. ಇವ್ರ್ ಮುಂದೆ ಬ್ಯಾಡ."

"ಸತ್ತಿದ್ದು ಎಲ್ಲಿ?" ಎಂದಳು ನಬವಿಯಾ.

"ಅಕ್ಕಾ..."

"ಉಸ್ರು ಓಗಿದ್ದ ಜಾಗವೇ ಸಾವಿನ ಮನೆ, ಈ ಹಡ್ಗೇ ಅದು. ಮೂರು ದಿನ ಅಲ್ಲೇ ಅಳ್ಬೇಕು. ನಮ್ಮವ್ವ ಯೋಳ್ಕೊಟ್ಟಿದ್ದು ಅದೇ, ನಿಮ್ಮವ್ವನೂ ಅದೇ." ಅವಳು ಹಸನೈನ್ ಕಡೆ ತಿರುಗಿದಳು. "ಸಾವಾದ ಮನೇಲಿ ಒಲೆ ಅಚ್ತಾರಾ ಮಾಮ?"

ಹಸನೈನ್ ಒಲೆಗಳ ಕಡೆ ನೋಡಿದ. ಎಂಟು ಒಲೆಗಳೂ ಉರಿಯುತ್ತಿದ್ದವು. ಬೆನ್ನ ಹಿಂದೆ ತಗಡು ಮತ್ತೆ ಟಕ್ ಎಂದಿತು.

ಸೂರ್ಯ ಖರ್ಜೂರದ ಮರಗಳ ತಲೆಗೆ ಬಂದಾಗ ಕರೆ ಬಂತು. ಮೇಲಟ್ಟದಲ್ಲಿ ಅತಿಥಿಗಳು ಅರ್ಧಚಂದ್ರಾಕಾರದಲ್ಲಿ ಕೂತಿದ್ದರು, ಬಿಳಿ ಬಟ್ಟೆ, ಕೈಯಲ್ಲಿ ಗ್ಲಾಸು, ಕೆಲವರ ಮೊಣಕಾಲ ಮೇಲೆ ಕ್ಯಾಮೆರಾ. ನಬವಿಯಾ ಮುಖಕ್ಕೆ ಬಣ್ಣ ಬಳಿದುಕೊಂಡಿರಲಿಲ್ಲ. ಬೇ ಹಲ್ಲು ಕಚ್ಚಿ ಪಿಸುಗುಟ್ಟಿದ, "ಡಬ್ಬಿ ಎಲ್ಲೇ, ಮೂದೇವಿ?"

ಅವಳು ಅವನನ್ನು ದಾಟಿ ಕಟಕಟೆಯ ಬಳಿ ಹೋದಳು. ಹಡಗು ಕಟ್ಟುವ ಹಗ್ಗ ಅಲ್ಲಿ ಸುರುಳಿ ಸುತ್ತಿ ಬಿದ್ದಿತ್ತು, ತೋಳಿನಷ್ಟು ದಪ್ಪ, ಇನ್ನೂ ಒದ್ದೆ. ಅದರ ಎಳೆಗಳಲ್ಲಿದ್ದ ನದಿಯ ಕೆಸರನ್ನು ಎರಡೂ ಕೈಯಿಂದ ಹಿಂಡಿ ತೆಗೆದು ನೆತ್ತಿಗೆ, ಹಣೆಗೆ, ಕೆನ್ನೆಗೆ ಬಳಿದುಕೊಂಡಳು. ಚಪ್ಪಲಿಗಳನ್ನು ಹಲಗೆಯ ನಡುವೆ ಜೋಡಿಸಿಟ್ಟಳು. ಅವುಗಳ ಮುಂದೆ ಮೊಣಕಾಲೂರಿ ಕೂತಳು. ಕೈ ಎತ್ತಿದಳು.

*ಶಹಾತಾ, ಓ ನನ್ನ ತಿರುಪೆಯ ಕೂಸೇ,*
*ಏಳು ಬಾಗಿಲ ತುತ್ತು ಬೇಡಿ ತಂದೆ, ಎಂಟನೇ ಬಾಗಿಲು ನೀರಾಯಿತಲ್ಲೋ.*

*ಸತ್ತ ದೊರೆಗೆ ಗುಡ್ಡವನ್ನೇ ಕೊರೆದು ಮನೆ ಮಾಡಿದರು,*
*ನಿನಗೊಂದು ಹಿಡಿ ಮಣ್ಣು ಸಿಗಲಿಲ್ಲವಲ್ಲೋ, ಹಗ್ಗದವನೇ.*

*ನಿನ್ನ ತಲೆಯ ಮೇಲೆ ಹಾದು ಹೋದರಂತೆ ಗುಡಿ ನೋಡಲು,*
*ಒಬ್ಬರಾದರೂ ಬಗ್ಗಿ ನೋಡಿದರೇನೋ, ಮಗನೇ?*

ಫಾಯಕಾಳ ವಾದ್ಯ ಮೊದಲು ತಡವರಿಸಿತು, ಆಮೇಲೆ ಎದೆಯ ಬಡಿತಕ್ಕೆ ಕೂಡಿಕೊಂಡಿತು. ದಂಡೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ತಲೆಯೆತ್ತಿದರು. ಅಳು ಕೇಳಿದವರು ಸುಮ್ಮನಿರುವ ಪದ್ಧತಿ ಆ ನದಿಯ ಮೇಲಿಲ್ಲ. ಒಬ್ಬಳು ಕೈ ಎತ್ತಿದಳು, ಪಕ್ಕದವಳು ಎತ್ತಿದಳು. ಸತ್ತವನು ಯಾರೆಂದು ತಿಳಿಯದೆಯೇ ಅವರು ದಂಡೆಗುಂಟ ಹಡಗಿನ ಜೊತೆ ನಡೆಯತೊಡಗಿದರು. ಇಳಿಬೆಳಕಿನಲ್ಲಿ ಬರೀ ಕೈಗಳ ಸಾಲು ಕಾಣುತ್ತಿತ್ತು. ಕ್ಯಾಮೆರಾಗಳು ಆ ಕಡೆ ತಿರುಗಿದವು.

ನಾಲ್ಕು ನಿಮಿಷ ಆಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಅಳು ನಿಲ್ಲಲಿಲ್ಲ. ಇನ್ನೊಮ್ಮೆ ತಟ್ಟಿದರು, ಈ ಸಲ ಸ್ವಲ್ಪ ಕಡಿಮೆ.

"ಎಳ್ಕೊಂಡ್ ಹೋಗ್ರೋ ಇವಳನ್ನ," ಎಂದ ಬೇ, ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು.

ಗ್ಲಾಸು ಹೊತ್ತ ಮಾಣಿಗಳು ಆರು ಜನ ಇದ್ದರು. ಒಬ್ಬನೂ ಕದಲಲಿಲ್ಲ.

"ಕಿವುಡಾ? ನಾಳೆಯಿಂದ ಮನೇಲೇ ಬಿದ್ದಿರ್ತೀರ, ಬೋಳಿಮಕ್ಕಳಾ."

"ಅಳೋ ತಾಯಿನ ಮುಟ್ಟಂಗಿಲ್ಲ ಬೇ," ಎಂದ ಅವರಲ್ಲಿ ಹಿರಿಯವನು. "ಮುಟ್ಟಿದೋನ್ ಮನೆಗೆ ಆ ಸಾವು ಬತ್ತದೆ. ಬೇಕಾರೆ ನೀವೇ ಮುಟ್ಟಿ."

ಬೇ ಎರಡು ಹೆಜ್ಜೆ ಮುಂದೆ ಬಂದ. ಚಪ್ಪಲಿ ಕಂಡಿತು. ಅಲ್ಲೇ ನಿಂತ. ಆಮೇಲೆ ತಿರುಗಿ, ಅತಿಥಿಗಳಿಗೆ ಊಟ ಸಿದ್ಧವಾಗಿದೆಯೆಂದು ಇಂಗ್ಲಿಷಿನಲ್ಲಿ ಸಾರಿ, ತಾನೇ ಮೆಟ್ಟಿಲಿಳಿದು ಅಡುಗೆಮನೆಗೆ ಓಡಿದ.

ಅಲ್ಲಿ ಸದ್ದಿರಲಿಲ್ಲ. ಎಂಟು ಒಲೆಗಳೂ ಆರಿದ್ದವು. ಗ್ಯಾಸಿನ ಕೀಲಿಯನ್ನು ಯಾರೋ ಕಿತ್ತೊಯ್ದಿದ್ದರು. ಅರ್ಧ ಬೆಂದ ಮಾಂಸದ ಮೇಲೆ ಬಿಳಿ ಕೊಬ್ಬು ಹೆಪ್ಪುಗಟ್ಟುತ್ತಿತ್ತು. ಕಲಸಿಟ್ಟ ಹಿಟ್ಟು ಉಬ್ಬಿ ಪಾತ್ರೆಯ ಅಂಚು ದಾಟಿ ನೆಲಕ್ಕೆ ಇಳಿಯುತ್ತಿತ್ತು. ಬೇ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗಿದ. ಹಿಂದಿನ ತಗಡು ಮಾತ್ರ ಟಕ್ ಎಂದಿತು, ಆಮೇಲೆ ಎರಡು ಸಲ.

ಮೇಲೆ ಹಸನೈನ್ ಬಿಳಿ ಟೋಪಿ ತೆಗೆದಿಟ್ಟು ನಬವಿಯಾಳ ಪಕ್ಕದಲ್ಲಿ ನೆಲಕ್ಕೆ ಕೂತಿದ್ದ. ಅವನ ಹಿಂದೆ ಅಡುಗೆಯವರು, ಅವರ ಹಿಂದೆ ಹಗ್ಗದವರು. ಮಾಣಿಗಳು ತಟ್ಟೆಗಳನ್ನು ಈಜುಕೊಳದ ಅಂಚಿಗಿಟ್ಟು ಒಬ್ಬೊಬ್ಬರಾಗಿ ಬೂಟು ಕಳಚುತ್ತಿದ್ದರು. ಕಳಚಿದ ಬೂಟುಗಳು ಆ ನೀಲಿ ಚಪ್ಪಲಿಯ ಪಕ್ಕದಲ್ಲಿ ಸಾಲಾಗಿ ನಿಂತವು.

ಮುಂದಿನ ಸಾಲಿನಲ್ಲಿದ್ದ ಬಿಳಿ ಹೆಂಗಸೊಬ್ಬಳು ಕ್ಯಾಮೆರಾ ಇಳಿಸಿ, ಬೂಟು ಬಿಚ್ಚುತ್ತಿದ್ದ ಮಾಣಿಯನ್ನು ಮೆಲ್ಲಗೆ ಕೇಳಿದಳು, ಇದು ಇನ್ನೂ ಎಷ್ಟು ಹೊತ್ತಿದೆ ಎಂದು.

"ಮೂರು ದಿನ, ಮೇಡಂ," ಎಂದು ಅವನು ಹೋಗಿ ನೆಲಕ್ಕೆ ಕೂತ.